ಬೀಳಿಸಿದ ವಿಮಾನಗಳ ಲೆಕ್ಕ: ಯಾರ ಕಡತ ನಂಬಬೇಕು?

ಧಾರವಾಡದ ಸಪ್ತಾಪುರದಲ್ಲಿ ನಾವು ಕೂಡಿ ಓದುವಾಗ 1965ರ ಯುದ್ಧ ಬಂತೆಂದರೆ ಒಂದೇ ತಕರಾರು. ಬೀಳಿಸಿದ ವಿಮಾನಗಳಿಗೆ ಭಾರತದ ಪುಸ್ತಕದಲ್ಲಿ ಒಂದು ಲೆಕ್ಕ, ಪಾಕಿಸ್ತಾನದ ಪುಸ್ತಕದಲ್ಲಿ ಇನ್ನೊಂದು. ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು? ಈ ಟಿಪ್ಪಣಿ ಅದಕ್ಕಾಗಿ.

ಪೈಲಟ್ ಕೆಳಗಿಳಿದು ಬಂದು ‘ಒಂದನ್ನು ಬೀಳಿಸಿದೆ’ ಅಂದರೆ ಅದು ಕ್ಲೇಮ್. ಎದುರಾಳಿಯ ವಿಮಾನ ನಿಜವಾಗಿ ಹೋಗಿದ್ದರೆ ಅದು ನಷ್ಟ. ಒಂದರ ಕಾಗದ ಈ ದೇಶದಲ್ಲಿ ಸಿಗುತ್ತದೆ, ಇನ್ನೊಂದರದು ಶತ್ರುವಿನ ದೇಶದಲ್ಲಿ.

ಇವೆರಡರ ನಡುವೆ ಎಷ್ಟು ಅಂತರ ಬರಬಹುದು ನೋಡಿ. 1940ರ ಸೆಪ್ಟೆಂಬರ್ 15ರಂದು ಜರ್ಮನ್ನರು ಲಂಡನ್ ಮೇಲೆ ದಾಳಿ ಮಾಡಿದರು. 185 ವಿಮಾನ ಹೊಡೆದೆವು ಎಂದು ಬ್ರಿಟನ್ ಸಾರಿತು. ಯುದ್ಧ ಮುಗಿದ ಮೇಲೆ ಜರ್ಮನ್ ಕಡತ ತೆಗೆದರೆ ಸಿಕ್ಕಿದ್ದು 60ರ ಆಸುಪಾಸು. ಮೂರು ಪಟ್ಟು ವ್ಯತ್ಯಾಸ! ಹಾಗಂತ ಪೈಲಟ್‌ಗಳು ಸುಳ್ಳು ಹೇಳಿದರು ಅಂತಲ್ಲ. ಹಾವೇರಿ ಕಡೆಯ ಹೋರಿ ಹಬ್ಬದಲ್ಲಿ ಓಡುವ ಹೋರಿಗೆ ನಾಲ್ಕು ಹುಡುಗರು ಒಟ್ಟಿಗೇ ಕೈ ಹಾಕುತ್ತಾರೆ. ಆಮೇಲೆ ಕೇಳಿದರೆ ನಾಲ್ವರೂ ‘ನಾನೇ ಹಿಡಿದೆ’ ಅನ್ನುತ್ತಾರೆ. ಆಕಾಶದಲ್ಲೂ ಹಾಗೇ ಆಗುತ್ತಿತ್ತು. ಒಂದೇ ಬಾಂಬರ್‌ಗೆ ಮೂವರು ಗುಂಡು ಹಾರಿಸಿದರೆ ಲೆಕ್ಕದಲ್ಲಿ ಮೂರು ಬಾಂಬರ್. ಅದಕ್ಕೇ ಗುಂಪು ದೊಡ್ಡದಾದಷ್ಟೂ ಲೆಕ್ಕ ಉಬ್ಬುವುದು ಜಾಸ್ತಿ.

ಇನ್ನೊಂದು ಕಾರಣ ಹೊಗೆ. ಜರ್ಮನ್ನರ ಯುದ್ಧವಿಮಾನ ಮೆಸ್ಸರ್‌ಶ್ಮಿಟ್ 109ರ ಎಂಜಿನ್‌ಗೆ ಪೂರ್ತಿ ಕಸುವು ಕೊಟ್ಟು ಕೆಳಗೆ ಧುಮುಕಿದರೆ ಕಪ್ಪು ಹೊಗೆ ಬರುತ್ತಿತ್ತು. ಬೆನ್ನತ್ತಿದವನಿಗೆ ಅದು ಉರಿದು ಬೀಳುತ್ತಿರುವಂತೆ ಕಾಣುತ್ತಿತ್ತು. ನಿಂತು ನೋಡೋಣ ಅಂದರೆ ಅಷ್ಟರಲ್ಲಿ ಇವನ ಹಿಂದೆಯೇ ಇನ್ನೊಬ್ಬ ಬಂದಿರುತ್ತಿದ್ದ. ಗನ್ ಕ್ಯಾಮೆರಾ ಇದ್ದರೂ ಅದು ಗುಂಡು ಹಾರುವಷ್ಟು ಹೊತ್ತು ಮಾತ್ರ ಓಡುತ್ತದೆ. ಗುಂಡು ತಾಗಿದ್ದು ಕಾಣುತ್ತದೆ, ನೆಲಕ್ಕೆ ಬಿದ್ದದ್ದು ಕಾಣುವುದಿಲ್ಲ.

ಹಾಗಾಗಿ ನಷ್ಟದ ಕಡತವೇ ಗಟ್ಟಿ. ಜನರಿಗೆ ಹೇಳುವಾಗ ಸರ್ಕಾರಗಳು ನಷ್ಟವನ್ನು ಕಡಿಮೆ ಮಾಡಿ ಹೇಳಬಹುದು. ಆದರೆ ಒಳಗಿನ ಕಡತದಲ್ಲಿ ಹಾಗೆ ಮಾಡಿದರೆ ಸ್ಕ್ವಾಡ್ರನ್‌ಗೆ, ಅಂದರೆ ಆ ವಿಮಾನ ದಳಕ್ಕೆ, ಹೊಸ ವಿಮಾನವೇ ಸಿಗುವುದಿಲ್ಲ, ಅಲ್ವಾ? ಸತ್ತವನ ಮನೆಗೂ ತಿಳಿಸಲೇಬೇಕು. ವಿಮಾನದ ನಂಬರ್, ಪೈಲಟ್ ಹೆಸರು, ಬಿದ್ದ ಜಾಗ ಎಲ್ಲ ಅಲ್ಲಿ ಬರೆದಿರುತ್ತದೆ.

ಕ್ಲೇಮೇ ಇಲ್ಲದ ಗೆಲುವೂ ಉಂಟು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಇದೇ. 1965ರ ಸೆಪ್ಟೆಂಬರ್ 7ರಂದು ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದವು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಇದ್ದದ್ದು ಬದಲಿ ಪೈಲಟ್ ಆಗಿ. ಆದರೂ ಜೊತೆಗೆ ಹೋದರು. ವಾಪಸ್ ಬರಲಿಲ್ಲ. ಏನಾಯಿತೆಂದು ಜೊತೆಗಿದ್ದವರು ಯಾರೂ ನೋಡಿರಲಿಲ್ಲ. ಕಾಣೆಯಾದರು ಅಂತಷ್ಟೇ ದಾಖಲಾಯಿತು.

ಮುಂದೆ 1979ರಲ್ಲಿ ಬ್ರಿಟಿಷ್ ಲೇಖಕನೊಬ್ಬನ ಪುಸ್ತಕ ಬಂತು. ಅದರಲ್ಲಿದ್ದದ್ದು ಪಾಕಿಸ್ತಾನದ ಕಡೆಯ ವಿವರ. ಆ ದಿನ ಮಿಸ್ಟೇರ್ ಒಂದು ಅವರ ಸ್ಟಾರ್‌ಫೈಟರ್ ಅನ್ನು ಹೊಡೆದುರುಳಿಸಿತ್ತು. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದ ವಿಮಾನ, ಮಿಸ್ಟೇರ್ ಅದರ ಮುಂದೆ ಏನೂ ಅಲ್ಲ. ಸ್ಟಾರ್‌ಫೈಟರ್‌ನ ಪೈಲಟ್ ಅಮ್ಜದ್ ಹುಸೇನ್ ಹೊರಗೆ ಹಾರಿ ಬದುಕಿದ್ದರು. ದಾಳಿಯಿಂದ ಮರಳಿದವರಲ್ಲಿ ಯಾರೂ ಅಂಥ ಕಾದಾಟದ ಮಾತು ಹೇಳಿರಲಿಲ್ಲ. ಹಾಗಾದರೆ ಉಳಿದವರು ದೇವಯ್ಯ ಒಬ್ಬರೇ. 1988ರಲ್ಲಿ, ಅಂದರೆ 23 ವರ್ಷದ ಮೇಲೆ, ಅವರಿಗೆ ಮಹಾವೀರ ಚಕ್ರ ಬಂತು. ಶತ್ರುವಿನ ಬಾಯಿಂದ ಬಂದ ಸಾಕ್ಷಿಗಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ.

ಇದೇ ಅಳತೆಗೋಲನ್ನು ನಮ್ಮ ಗೆಲುವಿಗೂ ಹಿಡಿಯಬೇಕು. 1971ರ ನವೆಂಬರ್ 22ರಂದು ಪೂರ್ವ ಪಾಕಿಸ್ತಾನದ (ಈಗಿನ ಬಾಂಗ್ಲಾದೇಶ) ಗಡಿಯ ಬೋಯ್ರಾ ಬಳಿ ನಮ್ಮ 4 ನ್ಯಾಟ್ ವಿಮಾನಗಳು ಪಾಕಿಸ್ತಾನದ ಸೇಬರ್ ವಿಮಾನಗಳ ಮೇಲೆ ಎರಗಿದವು. ಅವುಗಳಲ್ಲೊಂದರಲ್ಲಿ ಕೊಡಗಿನವರೇ ಆದ ಎಂ.ಎ. ಗಣಪತಿ ಇದ್ದರು. ನಮ್ಮ ಕ್ಲೇಮ್ 3. ಅವರ ಇಬ್ಬರು ಪೈಲಟ್‌ಗಳು ಪ್ಯಾರಾಶೂಟ್‌ನಲ್ಲಿ ಇಳಿದು ಸೆರೆ ಸಿಕ್ಕರು. ಒಬ್ಬರಾದ ಪರ್ವೇಜ್ ಮೆಹ್ದಿ ಖುರೇಶಿ ಮುಂದೆ ಪಾಕಿಸ್ತಾನದ ವಾಯುಪಡೆಯ ಮುಖ್ಯಸ್ಥರಾದರು. ಹೀಗಾಗಿ 2ರ ಬಗ್ಗೆ ಯಾರೂ ತಕರಾರು ತೆಗೆಯುವಂತಿಲ್ಲ. ಮೂರನೆಯ ಸೇಬರ್ ಪೆಟ್ಟು ತಿಂದರೂ ಢಾಕಾ ತಲುಪಿತು ಎಂದು ಪಾಕಿಸ್ತಾನದ ದಾಖಲೆ ಹೇಳುತ್ತದೆ.

ಎರಡೂ ದೇಶದ ಕಡತ ತಾಳೆ ನೋಡುವಾಗ ಗಡಿಯಾರದ ಮೇಲೆ ಕಣ್ಣಿರಲಿ. ಪಶ್ಚಿಮ ಪಾಕಿಸ್ತಾನದ ಸಮಯ ನಮಗಿಂತ ಅರ್ಧ ಗಂಟೆ ಹಿಂದೆ, ಢಾಕಾದ್ದು ಅರ್ಧ ಗಂಟೆ ಮುಂದೆ. ಇದನ್ನು ಮರೆತರೆ ಒಂದೇ ಕಾದಾಟ ಎರಡಾಗಿ ಕಾಣುತ್ತದೆ.

ಬೋಯ್ರಾ ಬಗ್ಗೆ ಪ್ರಶ್ನೆ ಬಂದರೆ ನಾನು ಹೀಗೆ ಬರೆಯುತ್ತೇನೆ: ಭಾರತದ ಕ್ಲೇಮ್ 3, ಖಚಿತ ನಷ್ಟ 2, ಪೆಟ್ಟು ತಿಂದು ಮರಳಿದ್ದು 1.