ಕ್ಯಾಮ್ ಮೇಲೆ ಟ್ಯಾಪೆಟ್ ತಿರುಗ್ತಾ ಇದ್ಯಾ? ಇಂಜಿನ್ ಮುಚ್ಚೋಕೆ ಮುಂಚೆ ನೋಡಬೇಕಾದ್ದು

ವಿಲ್ಸನ್ ಗಾರ್ಡನ್ ಶೆಡ್ಡಲ್ಲಿ ನಾವು ಬಿಚ್ಚಿಟ್ಟಿರೋದು ಅಂಬಾಸಿಡರ್‌ದು 1489 ಸಿಸಿ ಪೆಟ್ರೋಲ್ ಇಂಜಿನ್, ಮೂಲ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್. ಇದ್ರಲ್ಲಿ ಕ್ಯಾಮ್ ಶಾಫ್ಟ್ (ವಾಲ್ವ್ ತೆರೆಸೋ ಉಬ್ಬುಗಳಿರೋ ಶಾಫ್ಟ್, ಆ ಉಬ್ಬೇ ಲೋಬ್) ಬ್ಲಾಕ್ ಒಳಗೇ ಇರತ್ತೆ, ಅದ್ರ ಮೇಲೆ 8 ಟ್ಯಾಪೆಟ್, ಟ್ಯಾಪೆಟ್ ಒಳಗೆ ವಾಲ್ವ್ ಕಡೆಗೆ ತಳ್ಳೋ ಪುಷ್ ರಾಡ್. ಪುಸ್ತಕದಲ್ಲಿ ಲಿಫ್ಟರ್ ಅಂತ ಬರತ್ತೆ, ಗ್ಯಾರೇಜಲ್ಲಿ ಟ್ಯಾಪೆಟ್ ಅಂತಾರೆ, ಎರಡೂ ಒಂದೇ.

ಹೊಸ ಕ್ಯಾಮ್ ಹಾಕಿ, ಟ್ಯಾಪೆಟ್ ಬೋರ್ (ಟ್ಯಾಪೆಟ್ ಕೂರೋ ತೂತು) ಒಳಗೆ ಮೇಲಿಂದ ಟಾರ್ಚ್ ಬಿಟ್ಟು ನೋಡಿದ್ರೆ ಲೋಬ್ ನಡುವಲ್ಲಿಲ್ಲ, ಒಂದು ಪಕ್ಕಕ್ಕೆ ಸರಿದಿದೆ. ಬೋರೇ ತಪ್ಪಾಗಿದೆ ಅಂದ್ಕೊಂಡು ಬ್ಲಾಕ್ ಎತ್ಕೊಂಡು ಪೀಣ್ಯದ ಮಷೀನ್ ಶಾಪಿಗೆ ಹೊರಡೋಕೆ ರೆಡಿಯಾಗಿದ್ದೆ. ಮೇಸ್ತ್ರಿ ತಡೆದು, "ಅದು ಹಂಗೇ ಇರ್ಬೇಕು ಕಣಪ್ಪ, ನಟ್ಟನಡುವೆ ಕೂತಿದ್ರೆ ಆಗ ಹೆದರ್ಕೋ" ಅಂದ್ರು.

ಯಾಕೆ ಅಂದ್ರೆ, ಒಂದು ತಟ್ಟೆ ನೆಲದ ಮೇಲೆ ಬೋರಲು ಹಾಕಿ, ನಡುವೆ ಬೆರಳಿಟ್ಟು ಎಳೀರಿ, ಸುಮ್ನೆ ಜಾರತ್ತೆ. ಅಂಚಿನ ಹತ್ರ ಬೆರಳಿಟ್ಟು ಎಳೀರಿ, ಜಾರ್ತಾ ಜಾರ್ತಾ ತಿರುಗತ್ತೆ. ಟ್ಯಾಪೆಟ್‌ಗೂ ಅದೇ ಲೆಕ್ಕ. ಲೋಬ್ ಸ್ವಲ್ಪ ಪಕ್ಕದಲ್ಲಿರತ್ತೆ, ಜೊತೆಗೆ ಲೋಬ್ ಮುಖವನ್ನ ಸುಮಾರು 0.001 ಇಂಚು ಇಳಿಜಾರಾಗಿ ಗ್ರೈಂಡ್ ಮಾಡಿರ್ತಾರೆ, ಟ್ಯಾಪೆಟ್ ತಳನೂ ಪೂರ್ತಿ ಚಪ್ಪಟೆ ಅಲ್ಲ, ಕಣ್ಣಿಗೆ ಕಾಣದಷ್ಟು ಉಬ್ಬಿರತ್ತೆ. ಎರಡು ಹೊಸ ಟ್ಯಾಪೆಟ್ ತಳಕ್ಕೆ ತಳ ಒತ್ತಿ ಹಿಡಿದು ಅಲ್ಲಾಡಿಸಿ ನೋಡಿ, ಸಣ್ಣಗೆ ಓಲಾಡತ್ತೆ. ಓಲಾಡದೇ ಸಪಾಟಾಗಿ ಕೂತ್ರೆ ಆ ಟ್ಯಾಪೆಟ್ ಬೇಡ. ತಿರುಗಿದ್ರೆ ಸವೆತ ತಳದ ತುಂಬಾ ಹಂಚಿಹೋಗತ್ತೆ, ತಿರುಗದೇ ಇದ್ರೆ ಒಂದೇ ಗೆರೆ ಮೇಲೆ ಉಜ್ಜಿ ಉಜ್ಜಿ ಲೋಬ್ ಮೂಗೇ ಸವೆದು ಹೋಗತ್ತೆ, ವಾಲ್ವ್ ಪೂರ್ತಿ ತೆರೆಯಲ್ಲ, ಕಬ್ಬಿಣದ ಪುಡಿ ಆಯಿಲ್ ಜೊತೆ ಬೇರಿಂಗ್‌ಗೆ ಹೋಗತ್ತೆ. (ತಳದಲ್ಲಿ ಉರುಳೋ ಚಕ್ರ ಇರೋ ರೋಲರ್ ಟ್ಯಾಪೆಟ್ ಇಂಜಿನ್‌ಗೆ ಇದು ಪೂರಾ ಉಲ್ಟಾ, ಅಲ್ಲಿ ಟ್ಯಾಪೆಟ್ ತಿರುಗಲೇಬಾರದು.)

ಚೆಕ್ ಮಾಡೋದು ಹೀಗೆ. ಮೊದ್ಲು ಕ್ಯಾಮ್ ಹಿಂದೆ ಮುಂದೆ ಎಷ್ಟು ಆಡತ್ತೆ ನೋಡಿ, ಸ್ಪ್ರಾಕೆಟ್ (ಕ್ಯಾಮ್ ಮುಂದಿರೋ ಚೈನ್ ಚಕ್ರ) ನಟ್ ಟೈಟ್ ಮಾಡಿ ಡಯಲ್ ಗೇಜ್ ಇಟ್ಟು. ಬಿ ಸೀರೀಸ್‌ಗೆ 0.003ರಿಂದ 0.007 ಇಂಚು. ಜಾಸ್ತಿ ಇದ್ರೆ ಕ್ಯಾಮನ್ನ ಹಿಂದೆ ಮುಂದೆ ಸರಿಯದ ಹಾಗೆ ಹಿಡಿಯೋ ಮುಂದಿನ ಲೊಕೇಟಿಂಗ್ ಪ್ಲೇಟ್ ಬದಲಾಯಿಸಿ, ಯಾಕಂದ್ರೆ ಕ್ಯಾಮ್ ಸರಿದಷ್ಟೂ ಲೋಬ್ ಕೂಡ ಟ್ಯಾಪೆಟ್ ಕೆಳಗೆ ಸರಿಯತ್ತೆ. ಆಮೇಲೆ ಟ್ಯಾಪೆಟ್‌ಗೆ ಆಯಿಲ್ ಸವರಿ ಬೋರಲ್ಲಿ ಬಿಡಿ, ತನ್ನ ಭಾರಕ್ಕೇ ನಿಧಾನ ಇಳೀಬೇಕು. ದಬಕ್ ಅಂತ ಬಿದ್ರೆ ಲೂಸು, ಬೆರಳಲ್ಲಿ ಒತ್ತಬೇಕು ಅಂದ್ರೆ ಟೈಟು.

ಇನ್ನು ಮುಖ್ಯವಾದ್ದು. ಪ್ರತಿ ಟ್ಯಾಪೆಟ್ ಅಂಚಲ್ಲಿ ಮಾರ್ಕರ್‌ನಿಂದ ಒಂದು ಚುಕ್ಕೆ ಇಡಿ, ತೆಳು ಆಯಿಲ್ ಹಾಕಿ, ಬೆರಳಲ್ಲಿ ಮೇಲಿಂದ ಮೆತ್ತಗೆ ಒತ್ತಿ ಹಿಡಿದು ಇನ್ನೊಬ್ರ ಕೈಲಿ ಕ್ಯಾಮ್ ತಿರುಗಿಸಿ. ಈ ಇಂಜಿನ್‌ಗೆ ಪಕ್ಕದಲ್ಲಿ ಟ್ಯಾಪೆಟ್ ಕವರ್ ಇರೋದ್ರಿಂದ ಎಲ್ಲಾ ಚೆನ್ನಾಗಿ ಕಾಣತ್ತೆ. ಕೆಲವು ಸುತ್ತಲ್ಲಿ ಚುಕ್ಕೆ ಜರುಗಿರಬೇಕು. ಇನ್ನೂ ಡೌಟ್ ಇದ್ರೆ ಆಯಿಲ್ ಒರೆಸಿ ಲೋಬ್‌ಗೆ ತೆಳ್ಳಗೆ ಮಾರ್ಕಿಂಗ್ ಬ್ಲೂ (ತಾಗಿದ ಕಡೆ ಗುರುತು ಬಿಡೋ ನೀಲಿ ಬಣ್ಣ) ಹಚ್ಚಿ ಒಂದೆರಡು ಸುತ್ತು ತಿರುಗಿಸಿ ಟ್ಯಾಪೆಟ್ ತಳ ನೋಡಿ, ಬಳೆ ಥರ ದುಂಡಗೆ ಬರೋಕೆ ಶುರುವಾಗಿದ್ರೆ ಸರಿ, ನಡು ಹಾದು ಒಂದೇ ನೇರ ಗೆರೆ ಬಂದ್ರೆ ಅಲ್ಲಿಗೇ ನಿಲ್ಲಿಸಿ. ಕ್ಯಾಮನ್ನ ಪೂರ್ತಿ ಮುಂದೆ ಎಳೆದು ಒಮ್ಮೆ, ಹಿಂದೆ ತಳ್ಳಿ ಒಮ್ಮೆ ನೋಡಿ, ಎರಡರಲ್ಲೂ ಟ್ಯಾಪೆಟ್ ತಾಗೋ ಜಾಗ ಲೋಬ್ ಅಂಚಿಂದ ಆಚೆ ಹೋಗ್ಬಾರ್ದು.

ನಮ್ದು ಏಳು ತಿರುಗ್ತು, ಐದನೇದು ಮಾತ್ರ ಅಲ್ಲಾಡ್ಲಿಲ್ಲ. ಎಲ್ಲಾ ಹೊಸದೇ, ಇನ್ನೂ ಓಡಿಲ್ಲ, ಹಾಗಾಗಿ ಐದು ಆರು ಅದಲು ಬದಲು ಮಾಡಿ ನೋಡಿದ್ವಿ, ಐದರ ಟ್ಯಾಪೆಟ್ ಆರರಲ್ಲಿ ಆರಾಮಾಗಿ ತಿರುಗ್ತು, ಆರರದ್ದು ಐದಕ್ಕೆ ಬಂದು ನಿಂತ್ಹೋಯ್ತು. ಅಂದ್ರೆ ತಕರಾರು ಟ್ಯಾಪೆಟ್‌ದಲ್ಲ, ಬೋರ್‌ದು ಇಲ್ಲಾ ಲೋಬ್‌ದು. ಬೋರ್ ಒಳಗೆ ಹಳೇ ಆಯಿಲ್ ಅರಗಿನ ಥರ ಗಟ್ಟಿ ಕಟ್ಟಿತ್ತು, ಸೀಮೆಎಣ್ಣೆ ಹಾಕಿ ನೈಲಾನ್ ಬ್ರಷ್ಷಲ್ಲಿ ಉಜ್ಜಿದ್ಮೇಲೆ ತಿರುಗೋಕೆ ಶುರುವಾಯ್ತು. ಈ ಅದಲು ಬದಲು ಓಡಿರೋ ಟ್ಯಾಪೆಟ್‌ಗೆ ಖಂಡಿತ ಮಾಡ್ಬೇಡಿ! ಹಳೇದು ಅದರದೇ ಲೋಬ್ ಮೇಲೇ ಕೂರಬೇಕು, ಬಿಚ್ಚುವಾಗ್ಲೇ ನಂಬರ್ ಬರೆದಿಡಿ. ಹೊಸ ಕ್ಯಾಮ್ ಹಾಕಿದ್ರೆ ಟ್ಯಾಪೆಟ್ಟೂ ಹೊಸದೇ, ಜೆಸಿ ರೋಡಲ್ಲಿ ಕ್ಯಾಮ್ ತಗೊಳ್ಳೋ ದಿನವೇ ಜೊತೆಗೆ ತಗೊಂಬಿಡಿ.

ಮೊದಲ ಸ್ಟಾರ್ಟಲ್ಲಿ ಐಡಲ್‌ಗೆ ಬಿಡ್ಬೇಡಿ. ಲೋಬ್‌ಗೆ ಆಯಿಲ್ ಸಿಗೋದು ಬಹುಪಾಲು ಕ್ರ್ಯಾಂಕ್ ಎರಚಿದಾಗ, ನಿಧಾನ ಓಡಿದ್ರೆ ಅದು ಸಾಲಲ್ಲ. ಲೋಬ್‌ಗೆ ಅಸೆಂಬ್ಲಿ ಪೇಸ್ಟ್ ಹಚ್ಚಿ, ಜಿಂಕ್ ಜಾಸ್ತಿ ಇರೋ ಆಯಿಲ್ ಹಾಕಿ, ಸ್ಟಾರ್ಟ್ ಆದ ತಕ್ಷಣ 2000 ಆರ್‌ಪಿಎಂಗೆ ಏರಿಸಿ 20 ನಿಮಿಷ ಅಲ್ಲೇ ಆಸುಪಾಸು ಹಿಡೀರಿ, ಒಬ್ರು ರೇಡಿಯೇಟರ್ ಹತ್ರ, ಒಬ್ರು ಆಯಿಲ್ ಪ್ರೆಷರ್ ಮೇಲೆ ಕಣ್ಣಿಟ್ಟು.