ರಾಷ್ಟ್ರಪತಿ ಚುನಾವಣೆ: ಹೆಸರು ಆಮೇಲೆ, ಲೆಕ್ಕ ಮೊದಲು

ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ಅವಧಿ 2027ರ ಜುಲೈ 24ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಹೊಸ ಚುನಾವಣೆ ಮುಗಿದಿರಬೇಕು ಎನ್ನುತ್ತದೆ ಸಂವಿಧಾನದ 62ನೇ ವಿಧಿ. ದಿನ ಹತ್ತಿರವಾದಷ್ಟೂ ‘ಈ ಸಲ ಯಾರು’ ಎಂಬ ಮಾತು ಏರುತ್ತಲೇ ಹೋಗುತ್ತದೆ. ಆ ಮಾತಿನಲ್ಲಿ ಕಾಳೆಷ್ಟು ಜೊಳ್ಳೆಷ್ಟು ಎಂದು ತೂಗಿ ನೋಡಲು ಮತಮೌಲ್ಯದ, ಅಂದರೆ ಒಬ್ಬೊಬ್ಬರ ಮತಕ್ಕೆ ಎಷ್ಟು ತೂಕ ಎಂಬುದರ ಲೆಕ್ಕ ಬೇಕು. ಪರೀಕ್ಷೆಗೆ ಓದುವವರಿಗೆ ಅಂಕ ಬರುವುದೂ ಅದರಿಂದಲೇ.

ಮುಂಬಯಿಯಲ್ಲಿದ್ದು ಕನ್ನಡದಲ್ಲಿ ಓದಿಕೊಳ್ಳುವವರು ಮೊದಲು ಒಂದು ಪದದ ಬಗ್ಗೆ ಎಚ್ಚರವಾಗಿರಬೇಕು. ಬೆಳಿಗ್ಗೆ ಕೈಗೆ ಸಿಗುವುದು ಮರಾಠಿ ಪತ್ರಿಕೆ. ಅದರಲ್ಲಿ ಸಂಸದರು ‘ಖಾಸದಾರ’, ಶಾಸಕರು ‘ಆಮದಾರ’. ವಿಧಾನಸಭೆಯವರೂ ಆಮದಾರರೇ, ವಿಧಾನ ಪರಿಷತ್ತಿನವರೂ ಆಮದಾರರೇ. ರಾಷ್ಟ್ರಪತಿ ಚುನಾವಣೆಯಲ್ಲಿ ಪರಿಷತ್ತಿನವರಿಗೆ ಮತವಿಲ್ಲ. 54ನೇ ವಿಧಿ ಮತ ಕೊಟ್ಟಿರುವುದು ಸಂಸತ್ತಿನ ಎರಡೂ ಸದನಗಳ ಮತ್ತು ರಾಜ್ಯ ವಿಧಾನಸಭೆಗಳ ಚುನಾಯಿತ ಸದಸ್ಯರಿಗೆ. ದೆಹಲಿ, ಪುದುಚೇರಿ ವಿಧಾನಸಭೆಗಳು ಸೇರಿದ್ದು 70ನೇ ತಿದ್ದುಪಡಿಯಿಂದ. ರಾಜ್ಯಸಭೆಯ 12 ನಾಮನಿರ್ದೇಶಿತರು ಹೊರಗೆ. ಉದ್ಧವ್ ಠಾಕ್ರೆ 2020ರಲ್ಲಿ ಆಯ್ಕೆಯಾದದ್ದು ಪರಿಷತ್ತಿಗೆ. ಹಾಗಾಗಿ ಪಕ್ಷದ ಬೆಂಬಲ ಯಾರಿಗೆಂದು ಸಾರಿದವರು ಅವರೇ ಆದರೂ 2022ರಲ್ಲಿ ಅವರಿಗೆ ಸ್ವಂತ ಮತವಿರಲಿಲ್ಲ.

ಇನ್ನು ಮತದ ಬೆಲೆ. 1971ರ ಜನಗಣತಿಯ ರಾಜ್ಯದ ಜನಸಂಖ್ಯೆಯನ್ನು ವಿಧಾನಸಭೆಯ ಚುನಾಯಿತ ಸ್ಥಾನಗಳಿಂದ ಭಾಗಿಸಿ, ಬಂದದ್ದನ್ನು ಮತ್ತೆ 1000ದಿಂದ ಭಾಗಿಸಬೇಕು. ಶೇಷ 500 ಅಥವಾ ಹೆಚ್ಚಿದ್ದರೆ ಒಂದು ಸೇರಿಸಬೇಕು. ಮಹಾರಾಷ್ಟ್ರದ 5,04,12,235ನ್ನು 288ರಿಂದ ಭಾಗಿಸಿದರೆ 1,75,042. ಒಬ್ಬ ಶಾಸಕರ ಮತಮೌಲ್ಯ 175. ಕರ್ನಾಟಕದ 2,92,99,014ನ್ನು 224ರಿಂದ ಭಾಗಿಸಿದರೆ 1,30,799. ಶೇಷ 799 ಇರುವುದರಿಂದ 130 ಅಲ್ಲ, 131. ಗೋವಾದ 7,95,120ನ್ನು 40ರಿಂದ ಭಾಗಿಸಿದರೆ 19,878, ಅಂದರೆ 20.

ಲೆಕ್ಕ ಕೆಡುವುದು ಹೆಚ್ಚಾಗಿ ಎರಡು ಕಡೆ. ಒಂದು, 2011ರ ಜನಸಂಖ್ಯೆ ಹಾಕುವುದು. ಹಾಗೆ ಮಾಡಿದರೆ ಮಹಾರಾಷ್ಟ್ರಕ್ಕೆ 390 ಬಂದು ಕೂರುತ್ತದೆ. ಜನನ ನಿಯಂತ್ರಣದಲ್ಲಿ ಮುಂದಿದ್ದ ರಾಜ್ಯಗಳ ತೂಕ ಕುಗ್ಗಬಾರದೆಂದು 42ನೇ ತಿದ್ದುಪಡಿ 1971ರ ಅಂಕಿಯನ್ನು ಹಿಡಿದು ನಿಲ್ಲಿಸಿತು. 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವ ತನಕ ಅದೇ ಇರಲಿ ಎಂದದ್ದು 84ನೆಯದು. ಇನ್ನೊಂದು, ಶೇಷವನ್ನು ಮರೆಯುವುದು. ಕರ್ನಾಟಕದಲ್ಲಿ ಆ ಒಂದು ತಪ್ಪಿದರೆ ರಾಜ್ಯದ ಒಟ್ಟು ಮೌಲ್ಯ 29,344ರ ಬದಲು 29,120 ಆಗುತ್ತದೆ.

ಸಂಸದರ ಮತಮೌಲ್ಯ ಇದರಿಂದಲೇ ಹುಟ್ಟುತ್ತದೆ. 2022ರಲ್ಲಿ ಎಲ್ಲ ಶಾಸಕರ ಒಟ್ಟು ಮೌಲ್ಯ 5,43,231. ಅದನ್ನು ಚುನಾಯಿತ ಸಂಸದರ ಸಂಖ್ಯೆ 776ರಿಂದ ಭಾಗಿಸಿದರೆ 700. ಅದಕ್ಕೂ ಹಿಂದಿನ ಚುನಾವಣೆಯಲ್ಲಿ 708 ಇತ್ತು. ಜಮ್ಮು–ಕಾಶ್ಮೀರದಲ್ಲಿ ವಿಧಾನಸಭೆ ಇಲ್ಲದಿದ್ದುದರಿಂದ ಎಂಟು ಇಳಿಯಿತು. 700ನ್ನು ನಮ್ಮ ಸುತ್ತಿನ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ: ಒಬ್ಬ ಸಂಸದರೆಂದರೆ ಮಹಾರಾಷ್ಟ್ರದ ನಾಲ್ವರು ಶಾಸಕರು, ಗೋವಾದ 35 ಶಾಸಕರು. ಪರ್ವರಿಯಲ್ಲಿ ಕೂರುವ ಇಡೀ ಗೋವಾ ವಿಧಾನಸಭೆಯ ತೂಕ 800. ಮುಂಬಯಿ ವಿಧಾನ ಭವನದ್ದು 50,400. ‘ಇಂತಿಷ್ಟು ರಾಜ್ಯಗಳಲ್ಲಿ ನಮ್ಮದೇ ಸರ್ಕಾರ’ ಎಂದು ಪಕ್ಷಗಳು ಹೇಳಿಕೊಂಡಾಗ ರಾಜ್ಯಗಳನ್ನು ಎಣಿಸಬೇಡಿ, ಮೌಲ್ಯವನ್ನು ಕೂಡಿಸಿ.

ಈಗ ಪಕ್ಷಗಳ ಬಣದ ವಿಷಯ. ಮೈತ್ರಿಕೂಟದ ಬಲವನ್ನು ಕೂಡಿಸಿ ಫಲಿತಾಂಶ ಬರೆದುಬಿಡುವುದು ಸುಲಭ, ಆದರೆ ಈ ಚುನಾವಣೆಯಲ್ಲಿ ಅದು ಮತ್ತೆ ಮತ್ತೆ ತಪ್ಪಿದೆ. ಮುಂಬಯಿಯವರಿಗೆ ಉದಾಹರಣೆ ಮನೆಬಾಗಿಲಲ್ಲೇ ಇದೆ. 2007ರಲ್ಲಿ ಶಿವಸೇನೆ ಇದ್ದದ್ದು ಎನ್‌ಡಿಎಯಲ್ಲಿ. ಆ ಕೂಟ ಬೆಂಬಲಿಸಿದ್ದು ಭೈರೋನ್ ಸಿಂಗ್ ಶೆಖಾವತ್ ಅವರನ್ನು. ಮಹಾರಾಷ್ಟ್ರದವರೆಂಬ ಕಾರಣಕ್ಕೆ ಸೇನೆ ಮತ ಕೊಟ್ಟದ್ದು ಪ್ರತಿಭಾ ಪಾಟೀಲ್ ಅವರಿಗೆ. 2012ರಲ್ಲೂ ಎನ್‌ಡಿಎಯಲ್ಲಿದ್ದುಕೊಂಡೇ ಪ್ರಣಬ್ ಮುಖರ್ಜಿ ಅವರನ್ನು ಬೆಂಬಲಿಸಿತು. 2022ರಲ್ಲಿ ಸೇನೆ ಎರಡಾಗಿ ಒಡೆದಿತ್ತು. ಠಾಕ್ರೆ ಬಣ ಕಾಂಗ್ರೆಸ್, ಎನ್‌ಸಿಪಿ ಜೊತೆಗಿತ್ತು. ಆದರೂ ಎರಡೂ ಬಣಗಳು ಮುರ್ಮು ಅವರ ಪರ ನಿಂತವು. ಆಗ ಎನ್‌ಡಿಎ ಹೊರಗಿದ್ದ ಜೆಡಿಎಸ್ ಕೂಡ ಅವರನ್ನೇ ಬೆಂಬಲಿಸಿತು. ಅಭ್ಯರ್ಥಿಯ ಊರು, ಸಮುದಾಯ, ಹಿನ್ನೆಲೆ ಎದುರು ಬಣವನ್ನು ಸೀಳುವ ಬಗೆ ಇದು. ಹೆಸರು ಆರಿಸುವವರು ಮೊದಲು ತೂಗುವುದೂ ಇದನ್ನೇ ಎಂಬುದು ನಮ್ಮ ಅಭಿಪ್ರಾಯ.

ಇದು ಸಾಧ್ಯವಾಗುವುದು ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಇಲ್ಲದಿರುವುದರಿಂದ. ಮತ ಗುಪ್ತ. ಪಕ್ಷ ಸದಸ್ಯರನ್ನು ಕೇಳಿಕೊಳ್ಳಬಹುದೇ ಹೊರತು ಕಡ್ಡಾಯ ಮಾಡುವಂತಿಲ್ಲ. ಬೇರೆಯವರಿಗೆ ಮತ ಹಾಕಿದರೆ ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ಅನ್ವಯಿಸದು. ಉತ್ತರದಲ್ಲಿ ‘ಅಡ್ಡಮತ ಹಾಕಿದರೆ ಸದಸ್ಯತ್ವ ರದ್ದು’ ಎಂದು ಬರೆಯುವವರು ಬಹಳ ಮಂದಿ, ಅದು ತಪ್ಪು.

ಪಕ್ಷವೇ ಒಳಗಿಂದ ಸೀಳಿದರೆ ಏನಾಗುತ್ತದೆಂದು ತಿಳಿಯಲು 1969ನ್ನು ಬಿಡಿಸಿ ಓದಬೇಕು. ರಾಷ್ಟ್ರಪತಿ ಜಾಕಿರ್ ಹುಸೇನ್ ಮೇ 3ರಂದು ತೀರಿಕೊಂಡರು. ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್, ಇಂದಿರಾ ಗಾಂಧಿ ಅವರಿಗೆ ಒಪ್ಪಿಗೆಯಿಲ್ಲದಿದ್ದರೂ ನೀಲಂ ಸಂಜೀವ ರೆಡ್ಡಿ ಅವರನ್ನು ಅಭ್ಯರ್ಥಿ ಮಾಡಿತು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಆಗಿದ್ದ ಸಿ.ಡಿ. ದೇಶಮುಖ್ ಮೂರನೆಯವರು. ‘ಆತ್ಮಸಾಕ್ಷಿಯಂತೆ ಮತ ಹಾಕಿ’ ಎಂದರು ಇಂದಿರಾ. ಸಿಂಧು ಮತಗಳ ಮೌಲ್ಯ 8,36,337. ಅದರ ಅರ್ಧಕ್ಕೆ ಒಂದು ಸೇರಿಸಿ, ಭಿನ್ನಾಂಶ ಬಿಟ್ಟರೆ ಗೆಲ್ಲಲು ಬೇಕಾದ ಕೋಟಾ 4,18,169.

ಈ ಚುನಾವಣೆಯಲ್ಲಿ ಮತದಾರರು ಅಭ್ಯರ್ಥಿಗಳ ಮುಂದೆ 1, 2, 3 ಎಂದು ತಮ್ಮ ಪ್ರಾಶಸ್ತ್ಯದ ಕ್ರಮ ಬರೆಯುತ್ತಾರೆ. ಮೊದಲ ಪ್ರಾಶಸ್ತ್ಯದಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಕೋಟಾ ಯಾರೂ ಮುಟ್ಟಲಿಲ್ಲ. ಕಡಿಮೆ ಮತದವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು, ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಹಂಚುತ್ತಾ ಬಂದರು. ಕೊನೆಗೆ ದೇಶಮುಖ್ ಅವರ ಕಟ್ಟು ಬಿಚ್ಚಿತು. ಅಂತಿಮ ಅಂಕಿ ಗಿರಿ 4,20,077, ರೆಡ್ಡಿ 4,05,427. ಕಳೆದು ನೋಡಿ: ಹಂಚಿಕೆಯಲ್ಲಿ ರೆಡ್ಡಿ ಪಡೆದದ್ದು 91,879, ಗಿರಿ ಪಡೆದದ್ದು ಬರೀ 18,562. ಸುಮಾರು ಐದು ಪಟ್ಟು ಪಡೆದರೂ ರೆಡ್ಡಿ ಸೋತರು. ಗಿರಿ ಕೋಟಾ ದಾಟಿದ್ದು 1,908ರಿಂದ. ಮುಂದಿನ ಪ್ರಾಶಸ್ತ್ಯ ಬರೆಯದ ಮತಪತ್ರಗಳು ನಡುವೆಯೇ ಬಿದ್ದುಹೋದವು, ಕೋಟಾ ಮಾತ್ರ ಇಳಿಯಲಿಲ್ಲ. ಅದೇ ನವೆಂಬರಿನಲ್ಲಿ ಕಾಂಗ್ರೆಸ್ ಇಬ್ಭಾಗವಾಯಿತು. ಎಂಟು ವರ್ಷದ ಬಳಿಕ, 1977ರಲ್ಲಿ, ಇದೇ ರೆಡ್ಡಿ ಅವಿರೋಧವಾಗಿ ರಾಷ್ಟ್ರಪತಿಯಾದರು. ಅವರು ಅಧಿಕಾರ ವಹಿಸಿಕೊಳ್ಳುವ ತನಕ ಹಂಗಾಮಿಯಾಗಿದ್ದವರು ಕನ್ನಡಿಗ ಬಿ.ಡಿ. ಜತ್ತಿ.

ಊಹಾಪೋಹದ ಹೆಸರುಗಳಿಗೆ ಬಂದರೆ, ತಾರೀಖು ನೋಡುವ ಅಭ್ಯಾಸ ಮಾಡಿಕೊಳ್ಳಿ. 2022ರಲ್ಲಿ ಅಧಿಸೂಚನೆ ಬಂದದ್ದು ಜೂನ್ 15ರಂದು. ಪ್ರತಿಪಕ್ಷಗಳ ಕಡೆಯಿಂದ ಶರದ್ ಪವಾರ್, ಫಾರೂಕ್ ಅಬ್ದುಲ್ಲಾ, ಗೋಪಾಲಕೃಷ್ಣ ಗಾಂಧಿ ಹೆಸರುಗಳು ಓಡಾಡಿದವು, ಮೂವರೂ ಒಲ್ಲೆ ಎಂದರು. ಯಶವಂತ್ ಸಿನ್ಹಾ ಹೆಸರು ಹೊರಬಿದ್ದದ್ದು ಜೂನ್ 21ರಂದು, ಮುರ್ಮು ಅವರದು ಅದೇ ರಾತ್ರಿ. ನಾಮಪತ್ರಕ್ಕೆ ಕೊನೆಯ ದಿನ ಜೂನ್ 29. 2012ರ ಜೂನ್ 13ರಂದು ಮಮತಾ ಬ್ಯಾನರ್ಜಿ, ಮುಲಾಯಂ ಸಿಂಗ್ ಸೇರಿ ಕಲಾಂ, ಮನಮೋಹನ್ ಸಿಂಗ್, ಸೋಮನಾಥ ಚಟರ್ಜಿ ಎಂದು ಮೂರು ಹೆಸರು ತೇಲಿಬಿಟ್ಟರು. ಎರಡೇ ದಿನಕ್ಕೆ ಯುಪಿಎ ಪ್ರಣಬ್ ಹೆಸರು ಪ್ರಕಟಿಸಿತು. ನಿಜವಾದ ಹೆಸರು ಬರುವುದು ಕೊನೇ ಗಳಿಗೆಯಲ್ಲೇ. ಅಲ್ಲದೆ ಅಧಿಸೂಚನೆಯನ್ನು ಅವಧಿ ಮುಗಿಯಲು 60 ದಿನ ಉಳಿದಾಗ ಇಲ್ಲವೇ ಆ ನಂತರ ಹೊರಡಿಸಬೇಕು. ಅಂದರೆ 2027ರ ಮೇ ಕೊನೆಗೆ ಮೊದಲು ಅದನ್ನು ನಿರೀಕ್ಷಿಸಬೇಡಿ. ಅದಕ್ಕೂ ಮೊದಲು, ಸಾಮಾನ್ಯ ಕ್ರಮದಲ್ಲಿ, ಉತ್ತರ ಪ್ರದೇಶ ಮತ್ತು ಗೋವಾ ವಿಧಾನಸಭೆಗಳಿಗೆ ಚುನಾವಣೆ ನಡೆಯಬೇಕು. ಉತ್ತರ ಪ್ರದೇಶದ್ದು 403 ಶಾಸಕರು, ತಲಾ 208, ಒಟ್ಟು 83,824. ಅಷ್ಟು ದೊಡ್ಡ ಗಂಟು ಯಾರ ಕೈಯಲ್ಲಿದೆಯೆಂದು ತಿಳಿಯುವ ಮುನ್ನ ಕೇಳಿಬರುವ ಹೆಸರಿಗೆ ಟಿಪ್ಪಣಿಯಲ್ಲಿ ಒಂದು ಸಾಲೂ ಕೊಡಬೇಕಿಲ್ಲ. ನಿಲ್ಲುವವರಿಗೆ 50 ಸೂಚಕರು, 50 ಅನುಮೋದಕರು, 15,000 ರೂಪಾಯಿ ಠೇವಣಿ ಬೇಕು ಎಂಬುದನ್ನೂ ಬರೆದಿಟ್ಟುಕೊಳ್ಳಿ. ಚಿಲ್ಲರೆ ಸ್ಪರ್ಧೆ ತಡೆಯಲು 1997ರಲ್ಲಿ ಏರಿಸಿದ್ದು ಇದು.

ಮತಪತ್ರ ಹೀಗಿರುತ್ತದೆ. ಸಂಸದರಿಗೆ ಹಸಿರು, ಶಾಸಕರಿಗೆ ಗುಲಾಬಿ. ಒಂದು ಕಡೆ ಹೆಸರು, ಇನ್ನೊಂದು ಕಡೆ ಪ್ರಾಶಸ್ತ್ಯ ಬರೆಯಲು ಖಾಲಿ ಜಾಗ, ಪಕ್ಷದ ಚಿಹ್ನೆ ಇಲ್ಲ. ಆಯೋಗ ಕೊಡುವ ನೇರಳೆ ಶಾಯಿಯ ಪೆನ್ನಿನಲ್ಲೇ ಬರೆಯಬೇಕು. ಅಂಕಿಯನ್ನು ಯಾವ ಭಾರತೀಯ ಭಾಷೆಯಲ್ಲಾದರೂ ಬರೆಯಬಹುದು, ಕನ್ನಡದ ‘೧’ ನಡೆಯುತ್ತದೆ. ಆದರೆ ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ ನಡೆಯದು. ಮೊದಲ ಪ್ರಾಶಸ್ತ್ಯ ಬಿಟ್ಟು ಎರಡನೆಯದನ್ನಷ್ಟೇ ಬರೆದರೂ, ಇಬ್ಬರ ಮುಂದೆ 1 ಹಾಕಿದರೂ, ಮತದಾರರ ಗುರುತು ಸಿಗುವ ಗೀಟು ಎಳೆದರೂ ಮತ ಅಸಿಂಧು. 2022ರಲ್ಲಿ ಹೀಗೆ ಅಸಿಂಧುವಾದವು ಒಟ್ಟು 53. ಅದರಲ್ಲಿ 15 ಸಂಸದರವು. 15ನ್ನು 700ರಿಂದ ಗುಣಿಸಿದರೆ 10,500, ಮಹಾರಾಷ್ಟ್ರದ 60 ಶಾಸಕರ ಮತದಷ್ಟು.