ಮೊದಲ ಥೆರೆಮಿನ್: ಒಂದು ಆಂಟೆನಾ ಸಾಕಾ, ಎರಡು ಬೇಕಾ?

ಪ್ರಶ್ನೆ: ಮುಟ್ಟದೆ, ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ಥೆರೆಮಿನ್ ಅನ್ನೋ ಎಲೆಕ್ಟ್ರಾನಿಕ್ ವಾದ್ಯ ಕಲಿಯಬೇಕು ಅಂತ ಆಸೆ. ಒಂದೇ ಆಂಟೆನಾ ಇರುವ ಪುಟ್ಟದೊಂದು ಅಗ್ಗಕ್ಕೆ ಸಿಗುತ್ತಿದೆ. ಸದ್ಯಕ್ಕೆ ಅದರಲ್ಲಿ ಕಲಿತು, ಆಮೇಲೆ ದೊಡ್ಡದು ಕೊಂಡರೆ ಆಗಲ್ವಾ?

ಉತ್ತರ: ಆಟ ಆಡೋದಕ್ಕೆ ಆಗುತ್ತದೆ. ಕಲಿಯೋದಕ್ಕೆ ಆಗುವುದಿಲ್ಲ. ನಾನೂ ಹಾಗೇ ಶುರು ಮಾಡಿ, ಒಂದು ತಿಂಗಳು ಮನೆಮಂದಿಗೆ ದೆವ್ವದ ಸಿನಿಮಾ ಕೇಳಿಸಿದವನು.

ಥೆರೆಮಿನ್‌ನಲ್ಲಿ ಮುಟ್ಟುವುದಕ್ಕೆ ಏನೂ ಇಲ್ಲ. ಒಳಗೆ ಎರಡು ಆಸಿಲೇಟರ್‌ಗಳು, ಅಂದರೆ ವಿದ್ಯುತ್ ಕಂಪನ ಹುಟ್ಟಿಸುವ ಮಂಡಲಗಳು, ನಮ್ಮ ಕಿವಿಗೆ ಎಟುಕದಷ್ಟು ವೇಗವಾಗಿ ಕಂಪಿಸುತ್ತಿರುತ್ತವೆ. ಒಂದರ ವೇಗ ಬದಲಾಗುವುದಿಲ್ಲ. ಇನ್ನೊಂದರದ್ದು ನಿಮ್ಮ ಕೈ ಆಂಟೆನಾಕ್ಕೆ ಎಷ್ಟು ಹತ್ತಿರವಿದೆ ಅನ್ನುವುದರ ಮೇಲೆ ಬದಲಾಗುತ್ತದೆ. ಎರಡರ ನಡುವಿನ ವ್ಯತ್ಯಾಸವೇ ನಮಗೆ ಕೇಳುವ ಸ್ವರ. ರಷ್ಯಾದ ಲೆವ್ ಟೆರ್ಮೆನ್ ಸುಮಾರು 1920ರಲ್ಲಿ ಕಂಡುಹಿಡಿದ ಉಪಾಯ ಇದು.

ಹಾಗಾಗಿ ಸ್ವರದ ಆಂಟೆನಾ ಒಂದೇ ಇದ್ದರೆ, 'ಸ'ದಿಂದ 'ಪ'ಕ್ಕೆ ಹೋಗುವಾಗ ನಡುವಿನದ್ದೆಲ್ಲ ಕೂಗಿಕೊಂಡೇ ಹೋಗುತ್ತದೆ. ಅದನ್ನು ತಡೆಯುವುದು ಎಡಗೈ. ಮಲಗಿದ ಬಳೆಯಂಥ ಎರಡನೇ ಆಂಟೆನಾದ ಹತ್ತಿರ ಕೈ ತಂದರೆ ದನಿ ಅಡಗುತ್ತದೆ, ಎತ್ತಿದರೆ ಏಳುತ್ತದೆ. ಪಿಟೀಲಿಗೆ ಕಮಾನು ಹೇಗೋ ಇದಕ್ಕೆ ಎಡಗೈ ಹಾಗೆ. ಕಮಾನಿಲ್ಲದ ಪಿಟೀಲಿನಲ್ಲಿ ಪಾಠ ಶುರು ಮಾಡ್ತೀರಾ?

ಎರಡು ಆಂಟೆನಾ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ಸ್ವರಗಳ ನಡುವಿನ ಅಂತರ ನೋಡಿ. ಆಂಟೆನಾ ಹತ್ತಿರವಾದಂತೆ ಸ್ವರಗಳು ಒಂದರ ಮೇಲೊಂದು ಒತ್ತಿಕೊಳ್ಳುವುದು ಈ ವಾದ್ಯದ ಹುಟ್ಟುಗುಣ. ಒಳ್ಳೆಯ ಥೆರೆಮಿನ್‌ನಲ್ಲಿ ಆಂಟೆನಾ ಜೊತೆ ಸುರುಳಿಗಳನ್ನು ಸೇರಿಸಿ ಇದನ್ನು ಆದಷ್ಟು ಸರಿಮಾಡಿರುತ್ತಾರೆ. ಕೈ ತೊಂದರೆಯಿಂದ ಪಿಟೀಲು ಬಿಟ್ಟು ಥೆರೆಮಿನ್ ಹಿಡಿದ ಕ್ಲಾರಾ ರಾಕ್‌ಮೋರ್, ಬೆರಳುಗಳನ್ನು ಮಡಚಿ ಬಿಡಿಸಿ ಸ್ವರ ಹಿಡಿಯುವ ಕ್ರಮವನ್ನು ರೂಪಿಸಿದರು. ಬೆರಳು ಬಿಡಿಸಿದಾಗ ಇಲ್ಲೊಂದು ಅಂತರ, ಅಲ್ಲೊಂದು ಅಂತರ ಬಂದರೆ ಆ ಕ್ರಮ ಕೆಲಸಕ್ಕೇ ಬರುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಗುತ್ತೇವೆ. ಆದರೆ ಇಲ್ಲಿ ನೆಲ ನಿಜವಾಗಿಯೂ ಡೊಂಕಿರಬಹುದು.

ಕೊಳ್ಳುವ ಮುಂಚೆ ಹೀಗೆ ಪರೀಕ್ಷಿಸಿ. ಕೈಯನ್ನು ಭುಜಕ್ಕೆ ತಂದಾಗ ಸ್ವರ ಇಳಿದಿಳಿದು ನಿಂತೇ ಹೋಗುವಂತೆ ಗುಬ್ಬಿ (ನಾಬ್) ತಿರುಗಿಸಿ. ಆಮೇಲೆ ಕೈಯನ್ನು ನಿಧಾನವಾಗಿ ಮುಂದೆ ಚಾಚಿ. ಕೆಳಗಿನ 'ಸ'ದಿಂದ ಮೇಲಿನ 'ಸ'ಕ್ಕೆ ಬೇಕಾದ ದೂರ, ಅದರ ಮೇಲಿನ ಸ್ಥಾಯಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ ಇದ್ದರೆ ಧೈರ್ಯವಾಗಿ ತಗೊಳ್ಳಿ.

ಹೆಸರು ಹೇಳಿ ಅಂದರೆ, ಮೂಗ್ ಕಂಪನಿಯ ಈಥರ್‌ವೇವ್ ನನ್ನ ಆಯ್ಕೆ. ಸ್ಪೀಕರ್ ಬೇರೆ ಬೇಕು, ಅಷ್ಟೇ. ಅದೇ ಕಂಪನಿ 2014ರಲ್ಲಿ ತಂದ ಥೆರೆಮಿನಿಯಲ್ಲಿ ಸ್ಪೀಕರ್ ಒಳಗೇ ಇದೆ, ತಪ್ಪು ಸ್ವರವನ್ನು ಸರಿ ಸ್ವರಕ್ಕೆ ಎಳೆಯುವ ಸೌಲಭ್ಯವೂ ಇದೆ. ಕಲಿಯುವಾಗ ಅದನ್ನು ಸೊನ್ನೆಯಲ್ಲೇ ಇಡಿ. ಇಲ್ಲದಿದ್ದರೆ ಯಂತ್ರ ಕಲಿಯುತ್ತದೆ, ನಿಮ್ಮ ಕಿವಿ ಕಲಿಯುವುದಿಲ್ಲ. ಬೆಸುಗೆ, ವೈರು ಅಂದರೆ ಖುಷಿಪಡುವವರಿಗೆ ಓಪನ್‌ ಥೆರೆಮಿನ್ ಇದೆ, ಅದರ ನಕ್ಷೆ ಎಲ್ಲರಿಗೂ ಮುಕ್ತ. ಬೆಳಕು ಮತ್ತು ನೆರಳಿಗೆ ಕೂಗುವ ಆಟಿಕೆಗಳಿಗೂ ಥೆರೆಮಿನ್ ಅಂತಾರೆ. ಅವುಗಳ ಗೊಡವೆ ಬೇಡ.

ಮನೆಗೆ ತಂದ ಮೇಲೆ ಗೋಡೆಯಿಂದ, ಕಬ್ಬಿಣದ ಸಾಮಾನಿನಿಂದ ದೂರ ನಿಲ್ಲಿಸಿ. ಆನ್ ಮಾಡಿ ಹತ್ತು ಹದಿನೈದು ನಿಮಿಷ ಸುಮ್ನೆ ಬಿಡಿ, ಶ್ರುತಿ ನೆಲೆಗೊಳ್ಳಲಿ. ನುಡಿಸುವಾಗ ತಲೆದೂಗಬೇಡಿ, ಅದಕ್ಕೂ ಸ್ವರ ಅಲ್ಲಾಡುತ್ತದೆ. ಕೇಳಲು ಬಂದವರನ್ನು ನಾಲ್ಕು ಹೆಜ್ಜೆ ದೂರ ಕೂರಿಸಿ. ಬೆಕ್ಕಿದ್ದರೆ ಮಾತ್ರ ಕೋಣೆಯಿಂದ ಆಚೆಗೇ ಕಳಿಸಿ.